ಮೊಳೆ ಮಾಮನ ಊಹೂಂ

ಮೊಳೆ ಮಾಮನ ಕೆಳತುಟಿ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿತ್ತು, ಸದಾ ಯಾರ ಮೇಲೋ ಮುನಿಸಿಕೊಂಡ ಮಗುವಿನ ಹಾಗೆ. ಅದಕ್ಕೆ ಮೊಳೆಗಳೇ ಕಾರಣ ಎಂದು ಇಡೀ ಬೀದಿ ನಂಬಿತ್ತು. ಹಳೇ ಸೋಫಾ, ಕುರ್ಚಿಗಳ ಬಟ್ಟೆ ಬಿಚ್ಚಿ ಹೊಸದು ಕೂರಿಸುವುದು ಅವನ ಕೆಲಸ. ಎಡಗೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ ಇರಬೇಕು. ದೇವರು ಮೂರನೇ ಕೈ ಕೊಡದಿದ್ದುದರಿಂದ ಮೊಳೆಗಳಿಗೆ ಬಾಯಿಯೇ ಡಬ್ಬಿ. ಒಂದು ಹಿಡಿ ಚಿಕ್ಕ ಮೊಳೆಗಳನ್ನು ಬಾಯಿಗೆ ಸುರಿದುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತಲೆ ಮುಂದಾಗಿ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ ಟಪ್ ಎಂದು ಹೊಡೆಯುತ್ತಿದ್ದ. ಈಗಿನವರೆಲ್ಲ ಪಿನ್ ಹೊಡೆಯುವ ಗನ್ ಹಿಡಿದಿದ್ದಾರೆ. ಅವನಿಗೆ ಅದು ಹಿಡಿಸಲಿಲ್ಲ.

ಬಾಯಿ ತುಂಬ ಮೊಳೆ ಇದ್ದವನು ಮಾತಾಡುವುದು ಹೇಗೆ? ಮಾಮನ ಮಾತೆಲ್ಲ ಹೂಂ ಮತ್ತು ಊಹೂಂಗಳಲ್ಲೇ ಮುಗಿಯುತ್ತಿತ್ತು. ಕುರ್ಚಿ ಆಯ್ತಾ? ಊಹೂಂ. ನಾಳೆ ಸಿಗುತ್ತಾ? ಹೂಂ. ಫೋನ್ ಬಂದರೂ ಅಷ್ಟೇ. ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಸುತ್ತಿಗೆ ನಿಲ್ಲಿಸದೆ ಹೂಂಗುಟ್ಟುತ್ತಿದ್ದ. ಗಿರಾಕಿಗಳಿಗೆ ರೂಢಿಯಾಗಿತ್ತು. ಮಗಳಿಗಂತೂ ಹುಟ್ಟಿನಿಂದಲೇ ರೂಢಿ.

ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಅಪ್ಪ ಉಳಿಸಿಟ್ಟ ಮಾತೆಲ್ಲ ಅವಳ ಪಾಲಿಗೆ ಬಂದಿತ್ತೋ ಏನೋ, ದಿನವಿಡೀ ಕ್ಲಚ್ಚು, ಗೇರು, ಕನ್ನಡಿ ನೋಡಿ ಎಂದು ಬಡಬಡಿಸಿ ಸಂಜೆ ಗಂಟಲು ಕಟ್ಟಿಕೊಂಡು ಅಪ್ಪನ ಅಂಗಡಿಗೆ ಬರುತ್ತಿದ್ದಳು. ತಾಯಿ ತೀರಿಹೋದ ಮೇಲೆ ಮನೆಗಿಂತ ಅಂಗಡಿಯೇ ಅವರಿಬ್ಬರ ಮನೆಯಾಗಿತ್ತು. ಪಕ್ಕದ ಬೀಗ ರಿಪೇರಿಯವನು ಟೀ ಲೋಟ ಹಿಡಿದುಕೊಂಡು ಬಂದು, ಬಿಚ್ಚಿಟ್ಟ ಯಾವುದಾದರೂ ಸೋಫಾದ ಮೇಲೆ ಕೂರುತ್ತಿದ್ದ.

"ನಿಮ್ಮಪ್ಪ ಬಲು ಬುದ್ಧಿವಂತ ಕಣಮ್ಮ," ಎನ್ನುತ್ತಿದ್ದ. "ಉತ್ತರ ಹೇಳೋಕೆ ಇಷ್ಟ ಇಲ್ಲದ ಪ್ರಶ್ನೆ ಬಂತು ಅನ್ನು, ತಕ್ಷಣ ಒಂದು ಹಿಡಿ ಮೊಳೆ ಬಾಯಿಗೆ. ಮದುವೆಗೆ ಒಪ್ಪಿಗೆ ಕೇಳಿದಾಗ್ಲೂ ಹೂಂ ಅಂದಿದ್ದು ಇದೇ ಬಾಯಲ್ಲೇ. ಅಲ್ವೇನೋ ಮೊಳೆ?"

"ಹೂಂ."

ತಮಾಷೆ ಸುಳ್ಳಾಗಿರಲಿಲ್ಲ. ಮಾಮ ಆ ಅಂಗಡಿಯ ಸಾಕುಮಗ. ಅವನನ್ನು ಸಾಕಿದ ತಂದೆ ಇದೇ ಮೇಜಿನ ಮುಂದೆ ಕುರ್ಚಿ ಕಟ್ಟುತ್ತಿದ್ದರು, ತಾಯಿ ಮೂಲೆಯ ಮಿಷನ್ನಿನಲ್ಲಿ ಕುಶನ್ ಹೊಲಿಯುತ್ತಿದ್ದರು. ನೀನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಹೆತ್ತವಳು ತೀರ ಚಿಕ್ಕ ಹುಡುಗಿ, ಮದುವೆಯಾಗಿರಲಿಲ್ಲ. ಆಸ್ಪತ್ರೆಯಲ್ಲಿ ಹೆತ್ತು, ಅಲ್ಲಿಯೇ ಬಿಟ್ಟುಕೊಟ್ಟು ಹೋದಳು. ಅವರಿಗೆ ತಿಳಿದದ್ದೂ ಅಷ್ಟೇ. ಹುಡುಗನಾಗಿದ್ದಾಗ ಅವನು ಆಗಾಗ ಕೇಳುತ್ತಿದ್ದನಂತೆ, ಆ ಹುಡುಗಿ ಈಗ ಎಲ್ಲಿರಬಹುದಮ್ಮ ಎಂದು. ಕೇಳಿದಾಗಲೆಲ್ಲ ಮೂಲೆಯ ಮಿಷನ್ ನಿಂತುಬಿಡುತ್ತಿತ್ತು. ಅಮ್ಮ ಉತ್ತರ ಹೇಳುತ್ತಿದ್ದಳು, ಬೈಯುತ್ತಿರಲಿಲ್ಲ, ಆದರೆ ಮಿಷನ್ ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಆ ಸದ್ದು ನಿಲ್ಲುವುದನ್ನು ಕೇಳಲಾರದೆ ಅವನು ಪ್ರಶ್ನೆಯನ್ನೇ ನಿಲ್ಲಿಸಿದ. ಅಮ್ಮ ಇರುವವರೆಗೂ ಹುಡುಕುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಅಮ್ಮ ತುಂಬು ಆಯಸ್ಸು ಬದುಕಿದಳು. ಅವಳು ಹೋದಾಗ ಮಾಮ ಎಪ್ಪತ್ತರ ಹತ್ತಿರ ಬಂದಿದ್ದ. ಮಿಷನ್ನಿನ ಮೇಲೊಂದು ಬಟ್ಟೆ ಹೊದಿಸಿದ. ಕೆಲವು ತಿಂಗಳು ಸುಮ್ಮನಿದ್ದ. ಒಂದು ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಮಗಳ ಕಡೆ ನೋಡದೆ ಕೇಳಿದ.

"ಪುಟ್ಟಿ, ಆ ಎಂಜಲು ಪರೀಕ್ಷೆ ಅಂತಾರಲ್ಲ, ಅದು ಗೊತ್ತಾ ನಿಂಗೆ?"

"ಡಿಎನ್‌ಎ ಟೆಸ್ಟಾ? ನಿಂಗ್ಯಾಕಪ್ಪ ಅದು?"

ಅವನು ಬೀಗ ಹಾಕಿ ಎರಡು ಸಲ ಎಳೆದು ನೋಡಿದ. "ಯಾಕಿರಬಹುದು ಹೇಳು," ಎಂದ.

ಅವಳು ಅಲ್ಲೇ ನಿಂತು ಮೊಬೈಲು ತೆಗೆದು ಹುಡುಕತೊಡಗಿದಳು. 

ಪರೀಕ್ಷೆಯ ಪೆಟ್ಟಿಗೆ ಅಂಚೆಯಲ್ಲಿ ಬಂತು. ಒಳಗೆ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ. ಅದರಲ್ಲಿ ಗೆರೆಯವರೆಗೆ ಉಗುಳಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಬಾಯಿಗೆ ಏನನ್ನೂ ಹಾಕಬಾರದು.

"ಏನನ್ನೂ ಅಂದ್ರೆ?" ಎಂದು ಕೇಳಿದ ಮಾಮ.

"ತಿಂಡಿ, ಟೀ, ನೀರು, ಮೊಳೆ. ಎಲ್ಲಾನೂ."

ಅವನು ಮೊಳೆಗಳನ್ನು ತಟ್ಟೆಗೆ ಉಗುಳಿ, ಬಾಯಿ ಮುಕ್ಕಳಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹಗಲು ಹೊತ್ತು ಅಂಗಡಿಯಲ್ಲಿ ಅಪ್ಪ ಬಾಯಿ ಖಾಲಿ ಇಟ್ಟುಕೊಂಡು ಕೂತದ್ದನ್ನು ಮಗಳು ಅದುವರೆಗೆ ನೋಡಿರಲಿಲ್ಲ. ಎದುರಿನ ಸ್ಟೂಲಿನಲ್ಲಿ ಅವಳೂ ಕೂತಳು.

"ಇದ್ರಲ್ಲಿ ನಿಜವಾಗ್ಲೂ ಅವ್ರು ಸಿಗ್ತಾರಾ?"

"ಅವ್ರೋ, ಅವ್ರ ಕಡೆಯವರು ಯಾರೋ, ಈ ಥರ ಉಗುಳಿ ಕಳಿಸಿದ್ರೆ ಸಿಗ್ತಾರೆ. ಇಲ್ಲಾಂದ್ರೆ ಇಲ್ಲ." ಆಮೇಲೆ ಅವಳೇ ಕೇಳಿದಳು. "ಸಿಕ್ಕಿದ್ರೆ ಏನ್ ಕೇಳ್ತೀಯಪ್ಪ? ಯಾಕೆ ಬಿಟ್ಟುಹೋದೆ ಅಂತಾನಾ?"

"ಛೇ ಛೇ. ಅದನ್ನ ಕೇಳೋಕೆ ನಾನ್ಯಾರು? ಚಿಕ್ಕ ಹುಡುಗಿ ಆಗ. ಯಾರು ಏನಂದ್ರೋ, ಯಾರು ಕಣ್ಣು ಬಿಟ್ರೋ. ನನಗೆ ಕೇಳೋದೇನಿಲ್ಲ ಪುಟ್ಟಿ. ಹೇಳೋದಿದೆ."

"ಏನು?"

"ನಾನು ಚೆನ್ನಾಗಿದ್ದೀನಿ ಅಂತ." ಮಾಮ ತನ್ನ ಬೆರಳುಗಳನ್ನೇ ನೋಡುತ್ತ ಹೇಳಿದ. "ಒಳ್ಳೇ ಮನೇಲಿ ಬೆಳೆದೆ. ಯಾರೂ ಕೈ ಎತ್ತಲಿಲ್ಲ. ಕೆಲಸ ಕಲಿತೆ, ನಿಮ್ಮಮ್ಮ ಬಂದ್ಲು, ನೀನು ಹುಟ್ಟಿದೆ. ಆ ಜೀವ ಇದ್ರೆ ಈಗ್ಲೂ ಎಲ್ಲೋ ಕೂತು, ಮಗು ಏನಾಯ್ತೋ, ಯಾರ ಕೈ ಸೇರ್ತೋ ಅಂತ ಅಂದ್ಕೊಳ್ತಿರುತ್ತಲ್ಲ? ಇಷ್ಟು ವರ್ಷ ನಾನಿಲ್ಲಿ ಆರಾಮಾಗಿ ಕುರ್ಚಿ ಕಟ್ಕೊಂಡು ಕೂತಿದ್ದೀನಿ, ಅಲ್ಲಿ ಅದಕ್ಕೆ ಗೊತ್ತೇ ಇಲ್ಲ. ಆ ಒಂದು ಮಾತು ಹೇಳಿಬಿಟ್ರೆ ಸಾಕು ನಂಗೆ."

ಅರ್ಧ ಗಂಟೆ ಕಳೆಯಿತು. ಕೊಳವೆ ಹಿಡಿದು ಉಗುಳಲು ಹೋದರೆ ಬಾಯಿ ಪೂರ್ತಿ ಒಣಗಿತ್ತು. ಬೀಗದವನು ಬಾಗಿಲಲ್ಲಿ ನಿಂತು, "ಜೀವಮಾನದಲ್ಲಿ ಇಷ್ಟು ಮಾತಾಡಿದ್ದು ಇದೇ ಮೊದಲಲ್ವಾ, ಒಣಗದೆ ಏನಾಗುತ್ತೆ," ಎಂದ. ಮೂವರೂ ನಕ್ಕರು. ಹೇಗೋ ಗೆರೆ ಮುಟ್ಟಿತು.

ಮೊದಲು ಸಿಕ್ಕಿದ್ದು ಒಬ್ಬ ದೂರದ ಸಂಬಂಧಿ. ಮಗಳ ಮೊಬೈಲಿನಲ್ಲಿ ಆ ಹೆಸರನ್ನು ನೋಡಿದ್ದೇ ಮಾಮ ಗಡ್ಡ ಹೆರೆಸಿಕೊಂಡು, ಒಳ್ಳೇ ಅಂಗಿ ತೊಟ್ಟು, ಮಗಳು ಬರೆದ ಸಂದೇಶಕ್ಕೆ ಉತ್ತರ ಬರುತ್ತದೆಂದು ಇಡೀ ದಿನ ಒಂದು ಮೊಳೆಯನ್ನೂ ಮುಟ್ಟದೆ ಕೂತ. ಮರುದಿನವೂ ಕೂತ. ಉತ್ತರ ಬರಲಿಲ್ಲ. ಆಮೇಲೆ ಅಂಗಿ ಬಿಚ್ಚಿಟ್ಟು ಕೆಲಸಕ್ಕೆ ಕೈ ಹಾಕಿದ. ಅವನ ಸುತ್ತಿಗೆಯ ಸದ್ದೇ ಬೇರೆಯಾಗಿತ್ತು. ಇನ್ನು ಮುಂದೆ ಗಟ್ಟಿಯಾಗದೆ ಅಪ್ಪನಿಗೆ ಏನನ್ನೂ ಹೇಳಬಾರದು ಎಂದು ಮಗಳು ಅಂದೇ ನಿರ್ಧರಿಸಿದಳು.

ಆದ್ದರಿಂದ, ಕೆಲವು ತಿಂಗಳಾದ ಮೇಲೆ ಮೊಬೈಲಿನಲ್ಲಿ ತೋರಿಸುವ ಸಂಬಂಧಿಕರ ಪಟ್ಟಿಯ ಮೇಲ್ತುದಿಯಲ್ಲಿ ಹೊಸ ಹೆಸರೊಂದು ಬಂದಾಗ ಅವಳು ಹೇಳಲಿಲ್ಲ. ಅದು ಒಬ್ಬ ಹೆಂಗಸಿನ ಹೆಸರು. ತಾಯಿ ಇಲ್ಲವೇ ತಂದೆ, ಇಬ್ಬರಲ್ಲಿ ಒಬ್ಬರು ಒಂದೇ, ಎಂದು ಅದರ ಕೆಳಗೆ ಬರೆದಿತ್ತು. ಅಂದರೆ ಅಪ್ಪನ ತಂಗಿ. ಆಕೆಯೇ ಮೊದಲು ಬರೆದಳು. ನಮ್ಮಮ್ಮ ಮದುವೆಗೆ ಮುಂಚೆ ಒಂದು ಗಂಡುಮಗು ಹೆತ್ತಿದ್ದರಂತೆ, ಹೋದ ವರ್ಷವಷ್ಟೇ ನನಗೆ ಹೇಳಿದರು, ಅಮ್ಮನ ಆಸೆಗೆ ನಾನೂ ಪರೀಕ್ಷೆ ಮಾಡಿಸಿದೆ. ನಿಮ್ಮ ತಂದೆಯ ಜೊತೆ ಒಮ್ಮೆ ಮಾತಾಡಬಹುದೇ?

ಅಂದರೆ ಅಪ್ಪನನ್ನು ಹೆತ್ತ ಅಮ್ಮ ಇನ್ನೂ ಇದ್ದಾರೆ. ಮಗಳು ಕಾರು ನಿಲ್ಲಿಸಿ, ಪಕ್ಕದಲ್ಲಿ ಕಲಿಯುತ್ತಿದ್ದ ಮುದುಕ ಗಾಬರಿಯಾಗುವಷ್ಟು ಅತ್ತಳು. ಹಗಲೆಲ್ಲ ಕಲಿಸುವಾಗ ತನ್ನ ಮೊಬೈಲಿಗೆ ಬಂದ ಕರೆ ಎತ್ತುವಂತಿಲ್ಲ. ಅಲ್ಲದೆ ಅಪ್ಪನಿಗೆ ತಾನು ಹೇಳುವುದಕ್ಕಿಂತ ಆ ದನಿಯೇ ಹೇಳಲಿ ಎನಿಸಿತು. ಅಪ್ಪ ದಿನವಿಡೀ ಅಂಗಡಿಯಲ್ಲಿರುತ್ತಾರೆ, ಈ ನಂಬರಿಗೆ ಯಾವಾಗ ಬೇಕಾದರೂ ಫೋನ್ ಮಾಡಿ, ಎಂದು ಬರೆದಳು.

ಬಾಯಲ್ಲಿ ಮೊಳೆ ಇರುತ್ತದೆ ಎಂದು ಬರೆಯುವುದು ಅವಳಿಗೆ ಹೊಳೆಯಲೇ ಇಲ್ಲ. ಅಪ್ಪನಿಗೆ ಎರಡು ಕೈಗಳಿವೆ ಎಂದು ಯಾರಾದರೂ ಬರೆದು ತಿಳಿಸುತ್ತಾರೆಯೇ?

ವಾರ ಕಳೆಯುವುದರೊಳಗೆ ಒಂದು ಸಂಜೆ ಆ ತಂಗಿಯ ಸಂದೇಶ ಬಂತು. ನಿಮ್ಮ ತಂದೆಗೆ ಇಷ್ಟವಿಲ್ಲವೆಂದು ತಿಳಿಯಿತು, ಅವರ ಮೇಲೆ ನಮಗೆ ಬೇಸರವಿಲ್ಲ, ಇನ್ನು ತೊಂದರೆ ಕೊಡುವುದಿಲ್ಲ. ಮಗಳು ಗಾಬರಿಯಿಂದ ಉತ್ತರ ಬರೆಯಲು ಹೋದರೆ ಆ ಹೆಸರೇ ಪಟ್ಟಿಯಿಂದ ಮಾಯವಾಗಿತ್ತು.

ಅವಳು ಓಡಿಬಂದಾಗ ಮಾಮ ಒಂದು ಉದ್ದನೆಯ ಸೋಫಾದ ಬೆನ್ನಿಗೆ ಬಟ್ಟೆ ಕೂರಿಸುತ್ತಿದ್ದ.

"ಅಪ್ಪ, ಯಾರಾದ್ರೂ ಹೆಂಗಸು ಫೋನ್ ಮಾಡಿದ್ರಾ?"

"ಹೂಂ."

"ಬಾಯಿ ಖಾಲಿ ಮಾಡಿ ಹೇಳಪ್ಪ. ಏನಂದ್ರು?"

ಅವಳ ಮುಖ ನೋಡಿ ಅವನು ಮೊಳೆಗಳನ್ನು ಅಂಗೈಗೆ ಉಗುಳಿದ. "ದಿನಕ್ಕೆ ಎಷ್ಟೋ ಜನ ಮಾಡ್ತಾರೆ. ನಿನ್ನೆ ಯಾರೋ ಒಬ್ರು, ಹೊಸಬ್ರು. ಬಟ್ಟೆ ವಿಚಾರ ಅಂತ ಕಾಣುತ್ತೆ."

"ಏನ್ ಕೇಳಿದ್ರು, ಅದನ್ನೇ ಹೇಳು."

"ಈಗ ಮಾತಾಡೋಕೆ ಆಗುತ್ತಾ ಅಂದ್ರು. ಸೀಟಿನಡಿಯ ಪಟ್ಟಿ ಎಳೆದು ಹಿಡಿದಿದ್ದೆ, ಊಹೂಂ ಅಂದೆ. ಆಮೇಲೆ ಮಾಡ್ಲಾ ಅಂದ್ರು. ಫೋನಲ್ಲಿ ಬಟ್ಟೆ ಬಣ್ಣ ಮಾತಾಡೋರು ನಂಗಾಗಲ್ಲ ಅಂತ ಗೊತ್ತಲ್ಲ ನಿಂಗೆ, ಬಂದು ನೋಡ್ಲಿ ಅಂತ ಊಹೂಂ ಅಂದೆ.  ಆಮೇಲೆ..."

ಅಲ್ಲಿಗೆ ಅವನ ಮಾತು ನಿಂತಿತು. ಮಗಳ ಕಣ್ಣುಗಳನ್ನು ನೋಡುತ್ತ ನೋಡುತ್ತ ಅವನಿಗೆ ಅರ್ಥವಾಗತೊಡಗಿತ್ತು.

"ಆಮೇಲೆ, 'ಹಾಗಾದ್ರೆ ಬೇಡ್ವಾ ನಿಮಗೆ?' ಅಂದ್ರು," ಎಂದ ಮೆಲ್ಲಗೆ. "ನಾನು ಹೂಂ ಅಂದೆ."

ಮಗಳು ಎಲ್ಲವನ್ನೂ ಹೇಳಿದಳು. ಹೇಳಿ, ನನ್ನದೇ ತಪ್ಪು, ನಿಂಗೆ ಮೊದಲೇ ಹೇಳಬೇಕಿತ್ತು ಎಂದು ಅವನ ಮಂಡಿ ಹಿಡಿದುಕೊಂಡಳು. ಅವನು ಬೈಯಲಿಲ್ಲ. ಅಂಗೈಯಲ್ಲಿದ್ದ ಒದ್ದೆ ಮೊಳೆಗಳನ್ನು ಮಾತ್ರ ಬಹಳ ಹೊತ್ತು ನೋಡುತ್ತ ಕೂತ. ಅಂಗಡಿಯ ಹಳೇ ಫೋನಿನಲ್ಲಿ ಯಾರ ನಂಬರೂ ಉಳಿಯುತ್ತಿರಲಿಲ್ಲ.

ಅಂದಿನಿಂದ ಮಾಮ ಬಾಯಿಗೆ ಮೊಳೆ ಹಾಕಲಿಲ್ಲ. ಒಂದು ಬಸಿಯಲ್ಲಿಟ್ಟುಕೊಂಡು ಒಂದೊಂದನ್ನೇ ಹೆಕ್ಕುತ್ತಿದ್ದ. ಅದಕ್ಕಾಗಿ ಬಟ್ಟೆಯಿಂದ ಕೈ ತೆಗೆಯಬೇಕು, ತೆಗೆದರೆ ಬಿಗಿ ಸಡಿಲವಾಗುತ್ತದೆ, ಮತ್ತೆ ಎಳೆಯಬೇಕು. ಕೆಲಸ ಆಮೆಯಂತಾಯಿತು. ಫೋನ್ ಬಡಿದರೆ ಸುತ್ತಿಗೆ ಬಿಸಾಡಿ ಓಡುತ್ತಿದ್ದ. "ಹೇಳಿ, ನಾನೇ ಮಾತಾಡ್ತಿರೋದು, ಹೇಳಿ," ಎನ್ನುತ್ತಿದ್ದ. ಅತ್ತ ಕಡೆ ಹಳೇ ಗಿರಾಕಿಗಳು ತಬ್ಬಿಬ್ಬಾಗಿ, ರಾಂಗ್ ನಂಬರ್ ಎಂದುಕೊಂಡು ಇಟ್ಟುಬಿಡುತ್ತಿದ್ದರು. ಬೀಗದವನಿಗೂ ತಮಾಷೆ ಮಾಡಲು ಬಾಯಿ ಬರಲಿಲ್ಲ.

ಮಗಳು ಕೈಕಟ್ಟಿ ಕೂರಲಿಲ್ಲ. ಮೊದಲು ಸಿಕ್ಕಿದ್ದ ಆ ದೂರದ ಸಂಬಂಧಿಗೇ ಮತ್ತೆ ಮತ್ತೆ ಬರೆದಳು. ಚಳಿಗಾಲ ಹೋಗಿ ಬಿಸಿಲು ಬಂದ ಮೇಲೆ ಅವನ ಉತ್ತರ ಬಂತು. ಈ ಕಡೆ ನೋಡಿರಲೇ ಇಲ್ಲ, ಕ್ಷಮಿಸಿ. ನೀವು ಹೇಳುವವರು ನಮ್ಮ ಅಜ್ಜಿಯ ಚಿಕ್ಕಪ್ಪನ ಮಗಳೇ ಇರಬೇಕು. ವಿಳಾಸ ಕಳಿಸಿದ್ದೇನೆ, ಮಗಳ ಮನೆಯಲ್ಲಿದ್ದರು. ಆದರೆ ಅವರು ಹೋದ ತಿಂಗಳು ತೀರಿಕೊಂಡರಲ್ಲ.

ಇದನ್ನು ಅಪ್ಪನಿಗೆ ಹೇಳದೆ ಇರಬಹುದಿತ್ತು. ಆದರೆ ಹೇಳದೆ ಇಟ್ಟುಕೊಂಡದ್ದರ ಫಲ ಒಮ್ಮೆ ಕಂಡಾಗಿತ್ತು. ಅವಳು ಆ ಸಂಜೆಯೇ ಹೇಳಿದಳು. ಮಾಮ ಕೇಳಿಸಿಕೊಂಡು ಎದ್ದು, ಮೂಲೆಯ ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

"ಹೋಗೋಣ," ಎಂದ. "ತಂಗಿ ಇದಾಳಲ್ಲ. ನಾನು ಬೇಡ ಅಂತ ಅಂದಿರಲಿಲ್ಲ ಅನ್ನೋದಾದ್ರೂ ಗೊತ್ತಾಗಲಿ."

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಹೊರಟರು. ಕಲಿಸುವವರು ಕೂರುವ ಪಕ್ಕದ ಸೀಟಿನಲ್ಲಿ ಮಾಮ ಕೂತಿದ್ದ. ಆ ಕಡೆಯೂ ಒಂದು ಬ್ರೇಕ್ ಇರುತ್ತದೆ. ಊರು ದಾಟಿ, ಇನ್ನೊಂದು ಊರು ಹೊಕ್ಕು, ಆ ಮನೆಯಿದ್ದ ಬೀದಿಗೆ ತಿರುಗಿದ್ದೇ ಕಾರು ಗಕ್ಕನೆ ನಿಂತಿತು. ಮಗಳು ತನ್ನ ಕಾಲು ನೋಡಿಕೊಂಡಳು, ಆಮೇಲೆ ಅಪ್ಪನ ಕಾಲು ನೋಡಿದಳು.

"ಅಪ್ಪ, ಕಾಲು ತೆಗಿ."

"ತೆಗೀತೀನಿ." ತೆಗೆಯಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. "ಇದೇ ಬೀದೀಲಿ ಓಡಾಡ್ತಿದ್ರಾ ಅವ್ರು?"

"ಹೂಂ ಅಪ್ಪ."

"ಸರಿ," ಎಂದು ಅವನು ಕಾಲು ಎತ್ತಿದ.

ಬಾಗಿಲು ತೆರೆದವಳನ್ನು ನೋಡಿ ಮಗಳು ಹೇಳಬೇಕೆಂದಿದ್ದ ಮಾತನ್ನೇ ಮರೆತಳು. ಆ ಹೆಂಗಸಿನ ಕೆಳತುಟಿ ಮುಂದಕ್ಕೆ ಚಾಚಿಕೊಂಡಿತ್ತು, ಯಾರ ಮೇಲೋ ಮುನಿಸಿಕೊಂಡ ಮಗುವಿನ ಹಾಗೆ. ಜೀವಮಾನದಲ್ಲಿ ಒಂದು ಮೊಳೆಯನ್ನೂ ಬಾಯಿಗೆ ಹಾಕದವಳ ತುಟಿ ಅದು.

ತಂಗಿ ಇವರನ್ನು ಒಳಗೆ ಕರೆದಳು. ಮುಖದಲ್ಲಿ ಮರ್ಯಾದೆಯಷ್ಟೇ ಇತ್ತು. ಮಗಳು ಒಂದೇ ಉಸಿರಿಗೆ ಮೊಳೆಯ ಕತೆ ಹೇಳಿದಳು. ಬಾಯಿ, ಸುತ್ತಿಗೆ, ಪಟ್ಟಿ, ಊಹೂಂ, ಹೂಂ. ಕೇಳುತ್ತ ಕೇಳುತ್ತ ತಂಗಿ ಕುರ್ಚಿ ಹುಡುಕಿ ಕೂತಳು.

"ಮೊಳೆನಾ?" ಎಂದಳು. "ಬಾಯಲ್ಲಿ ಮೊಳೆ ಇತ್ತಾ?"

"ತಪ್ಪಾಯ್ತಮ್ಮ," ಎಂದ ಮಾಮ. "ನೀವು ಯಾರೋ ಗಿರಾಕಿ ಅಂದ್ಕೊಂಡೆ."

"ನೀವು ಅನ್ಬೇಡಿ ಅಣ್ಣ. ನಾನು ಚಿಕ್ಕವಳು." ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿ ಒಂದು ಒರಗುಕುರ್ಚಿ ಖಾಲಿ ಇತ್ತು. "ಅಮ್ಮ ಅಲ್ಲೇ ಕೂತಿದ್ರು. ಫೋನು ಸ್ಪೀಕರಿಗೆ ಹಾಕಿದ್ದೆ. ನಾನು ಇಟ್ಟ ಮೇಲೆ, ಬಿಡಮ್ಮ, ಇಷ್ಟ ಇಲ್ಲ ಅಂತ ಕಾಣುತ್ತೆ ಅಂದೆ. ಅವ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ರು. ಆಮೇಲೆ, ಹಿಂದೆ ಏನೋ ಟಪ್ ಟಪ್ ಅಂತಿತ್ತಲ್ಲ, ಕೇಳಿಸ್ತಾ ಅಂದ್ರು. ಹೂಂ ಅಂದೆ. ಕೆಲಸ ಮಾಡ್ತಿದಾನೆ, ದನಿ ಗಟ್ಟಿಯಾಗಿದೆ, ಚೆನ್ನಾಗಿದಾನೆ ಬಿಡು, ಅಂದ್ರು."

ಮಾಮನ ಕೈ ಅಂಗಿಯ ಗುಂಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಹಾಗಂದ್ರಾ? ಚೆನ್ನಾಗಿದಾನೆ ಅಂದ್ರಾ?"

"ಅದನ್ನೇ ಅಂದ್ರು."

ಅವನು ಮತ್ತೆ ಕೇಳಿದ. "ಆಮೇಲೆ ಬೇಜಾರು ಮಾಡ್ಕೊಂಡ್ರಾ?"

ತಂಗಿ ಇಲ್ಲ ಎಂದುಬಿಡಬಹುದಿತ್ತು. ಬಾಯಿ ತೆರೆಯಲಾಗದೆ, ತುಟಿ ಕಚ್ಚಿಕೊಂಡು, "ಹೂಂ" ಎಂದಳು.

ಮಾಮ ಎದ್ದು ಕಿಟಕಿಯ ಹತ್ತಿರ ಹೋದ. ಅಲ್ಲಿ ಅಳುತ್ತಾನೆಂದು ಮಗಳು ಅಂದುಕೊಂಡಳು. ಅವನು ಮಂಡಿಯೂರಿ ಆ ಕುರ್ಚಿಯನ್ನು ಮೆಲ್ಲಗೆ ಬೋರಲು ಹಾಕಿ, ಅಡಿಯ ಪಟ್ಟಿಗಳನ್ನು ಬೆರಳಿನಿಂದ ಒತ್ತಿ ನೋಡಿದ.

"ಪಟ್ಟಿಯೆಲ್ಲ ಜೋತುಬಿದ್ದಿದೆ. ಅವ್ರಿಗೆ ಸೊಂಟ ನೋಯ್ತಿತ್ತಾ?"

"ಯಾವಾಗ್ಲೂ. ದಿಂಬು ಇಟ್ಕೊಂಡು ಕೂರ್ತಿದ್ರು."

"ಒಂದು ಹಗಲಿನ ಕೆಲಸ ಇದು," ಎಂದ ಮಾಮ. ಇನ್ನೊಮ್ಮೆ ಅದನ್ನೇ ಹೇಳಿದ. ಆಗ ಅತ್ತ.

ಕುರ್ಚಿ ಕಾರಿನಲ್ಲಿ ಅಂಗಡಿಗೆ ಬಂತು. ಒಂದು ಹಗಲಿನ ಕೆಲಸವನ್ನು ಅವನು ವಾರಗಟ್ಟಲೆ ಮಾಡಿದ. ಹಳೇ ಬಟ್ಟೆ ಬಿಚ್ಚಿದಾಗ ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಯಾವುದನ್ನೂ ಎಸೆಯಲಿಲ್ಲ. ಕೆಲಸ ಮಾಡುತ್ತ ಈಗ ಮಾತಾಡುತ್ತಿದ್ದ. ಬಾಲ್ಯದ್ದು, ಸಾಕಿದ ಅಮ್ಮನದು, ಹೆಂಡತಿಯದು. ಎದುರಿಗೆ ಬೀಗದವನಿದ್ದರೂ ಇಲ್ಲದಿದ್ದರೂ ಮಾತು ಕುರ್ಚಿಗೇ ಹೇಳಿದಂತೆ ಇರುತ್ತಿತ್ತು. ತಂಗಿ ಆಗಾಗ ಫೋನ್ ಮಾಡಿ, "ಆಯ್ತಾ ಅಣ್ಣ?" ಎನ್ನುತ್ತಿದ್ದಳು. "ಇನ್ನೂ ಇಲ್ಲಮ್ಮ, ಇನ್ನು ಸ್ವಲ್ಪ ಇದೆ," ಎಂದು ಅವನು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುತ್ತಿದ್ದ.

ಒಂದು ಮಧ್ಯಾಹ್ನ ಗಿರಾಕಿಯ ಸೋಫಾದ ಮೇಲೆ ಸ್ವಲ್ಪ ಒರಗುತ್ತೇನೆ ಎಂದವನು ಏಳಲಿಲ್ಲ. ಟೀ ತಂದ ಬೀಗದವನು ಎರಡು ಸಲ ಕರೆದ. ಆಮೇಲೆ ಲೋಟವನ್ನು ನೆಲದ ಮೇಲಿಟ್ಟು ಅವನ ಪಕ್ಕದಲ್ಲಿ ಕೂತುಕೊಂಡ. ಅದು ಎಷ್ಟು ಹೊತ್ತೋ, ಟೀ ಕೆನೆಗಟ್ಟಿ ತಣ್ಣಗಾಗಿತ್ತು. ಮುಖ ನಿದ್ದೆಯಲ್ಲಿದ್ದಂತೆಯೇ ಇತ್ತು. ತುಟಿ ಮಾತ್ರ ಹಾಗೇ ಮುಂದಕ್ಕೆ.

ಜನ ಬಂದು ಹೋಗಿ, ಎಲ್ಲ ಮುಗಿದ ಮೇಲೆ ಮಗಳು ಅಂಗಡಿಯ ಬಾಗಿಲು ತೆರೆದಳು. ಅಜ್ಜಿಯ ಕುರ್ಚಿಗೆ ಪಟ್ಟಿ ಕಟ್ಟಿತ್ತು, ನಾರು ತುಂಬಿತ್ತು, ಬಟ್ಟೆ ಮೂರು ಕಡೆ ಕೂತಿತ್ತು. ಹಿಂದಿನ ಒಂದು ಅಂಚು ಉಳಿದಿತ್ತು. ಚಿಕ್ಕಂದಿನಲ್ಲಿ ಅವಳು ನೋಡಿ ಕಲಿತ ಕೆಲಸ, ಕೈಗೆ ಅಷ್ಟು ಬಗ್ಗದು. ಬಸಿಯಿಂದ ಹೆಕ್ಕಲು ಹೋದರೆ ಪ್ರತಿ ಸಲ ಬಟ್ಟೆ ಜಾರುತ್ತಿತ್ತು. ಕೊನೆಗೆ ನಾಲ್ಕಾರು ಮೊಳೆಗಳನ್ನು ಬಾಯಿಗೆ ಹಾಕಿಕೊಂಡಳು. ನಾಲಿಗೆಗೆ ಕಬ್ಬಿಣದ ರುಚಿ ಹತ್ತಿತು. ಇದೇ ರುಚಿಯಲ್ಲಿ ಅಪ್ಪ ಒಂದು ಜನ್ಮ ಕಳೆದ. ಬೀಗದವನು ಎದುರು ಕೂತು ಬಟ್ಟೆಯ ತುದಿ ಹಿಡಿದುಕೊಂಡ.

ಅರ್ಧ ಅಂಚು ಮುಗಿದಾಗ ಫೋನ್ ಬಡಿಯಿತು. ಬೀಗದವನು ಎದ್ದು ಹೋಗಲು ನೋಡಿದ. ಅವಳು ಬೇಡವೆಂದು ಕೈ ಮಾಡಿದಳು. ಎಳೆದು ಹಿಡಿದಿದ್ದ ಬಟ್ಟೆಯನ್ನು ಬಿಟ್ಟಳು, ಅದು ಸಡಿಲವಾಗಿ ಹಿಂದೆ ಸರಿಯಿತು. ಮೊಳೆಗಳನ್ನು ಒಂದೂ ಬಿಡದೆ ಅಂಗೈಗೆ ಉಗುಳಿಕೊಂಡು, ತುಟಿ ಒರೆಸಿಕೊಂಡು, ಆಮೇಲೆ ರಿಸೀವರ್ ಎತ್ತಿದಳು. ಅತ್ತ ಕಡೆಯಿಂದ ಅಪ್ಪನ ತಂಗಿಯ ದನಿ ಬಂತು.

"ಹೇಳಿ ಅತ್ತೆ," ಎಂದಳು. "ಕೇಳಿಸ್ತಿದೆ."